ಪ್ರಿಂಟರನ್ನು ಒಬ್ಬರ ಕಂಪ್ಯೂಟರಿಗೆ ಕಟ್ಟಿಹಾಕಬೇಡಿ

ಕಲಬುರಗಿಯ ನೆಹರು ಗಂಜ್‌ನ ಅಡತ್ ಅಂಗಡಿ ಇರಲಿ, ಊರ ಹೊರಗಿನ ದಾಲ್ ಮಿಲ್ ಇರಲಿ, ಆಫೀಸಿನೊಳಗೆ ಹೋದರೆ ಕಾಣುವುದು ಹೆಚ್ಚುಕಮ್ಮಿ ಒಂದೇ. ನಾಲ್ಕೈದು ಕಂಪ್ಯೂಟರ್, ಒಂದು ಪ್ರಿಂಟರ್. ಪ್ರಿಂಟರಿನ ಯುಎಸ್‌ಬಿ ಕೇಬಲ್ ಬಿಲ್ಲಿಂಗ್ ಮಾಡುವವರ ಕಂಪ್ಯೂಟರಿಗೆ. ಉಳಿದವರೆಲ್ಲ ಅದನ್ನು ವಿಂಡೋಸ್‌ನಲ್ಲಿ ಶೇರ್ ಮಾಡಿಕೊಂಡು ಪ್ರಿಂಟ್ ಕೊಡುತ್ತಾರೆ. ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್ ಕೆಲಸ ನನ್ನ ಕಸುಬು. ಇದನ್ನೇ ನೋಡಿ ನೋಡಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು ಅನ್ನಿಸಿದೆ. ಈ ಪದ್ಧತಿ ಬಿಟ್ಟುಬಿಡಿ.

ಹೀಗೆ ಶೇರ್ ಮಾಡಿದಾಗ ಯಾರೇ ಪ್ರಿಂಟ್ ಕೊಡಲಿ, ಅದು ಮೊದಲು ಆ ಒಂದು ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಪ್ರಿಂಟರಿಗೆ ಹೋಗಬೇಕು. ಅದು ಬಂದ್ ಆಗಿದ್ದರೆ ಎಲ್ಲರದೂ ಬಂದ್. ಸ್ಲೀಪ್‌ಗೆ ಹೋದರೂ ಅಷ್ಟೇ, ಅಪ್‌ಡೇಟ್ ಬಂದು ರೀಸ್ಟಾರ್ಟ್ ಆಗುತ್ತಿದ್ದರೂ ಅಷ್ಟೇ.

ತೊಗರಿ ಸುಗ್ಗಿಯ ಒಂದು ಸಂಜೆ ಒಂದು ಮಿಲ್‌ನಿಂದ ಮುನೀಮರ ಫೋನ್ ಬಂತು. "ಪ್ರಿಂಟ್ ಬರವಲ್ದು ನೋಡ್ರಿ, ಲಾರಿ ನಿಂತದ, ಲಗೂ ಬರ್ರಿ." ಹೋಗಿ ನೋಡಿದರೆ ಪ್ರಿಂಟರ್ ಸರಿಯಾಗಿಯೇ ಇದೆ. ಬಿಲ್ಲಿಂಗ್ ಮಾಡುವ ಹೆಣ್ಣುಮಗಳು ಕೆಲಸ ಮುಗಿಸಿ, ಕಂಪ್ಯೂಟರ್ ಬಂದ್ ಮಾಡಿ ಮನೆಗೆ ಹೋಗಿದ್ದರು. ಬೇಳೆ ಚೀಲ ಹೇರಿದ ಲಾರಿ ಗೇಟಿನಲ್ಲಿತ್ತು. 50,000 ರೂಪಾಯಿಗಿಂತ ಜಾಸ್ತಿ ಮೌಲ್ಯದ, ಜಿಎಸ್‌ಟಿ ಬೀಳುವ ಮಾಲು, ಹಾಗಾಗಿ ಸಾಗಿಸಲು ಇ-ವೇ ಬಿಲ್ ಬೇಕೇ ಬೇಕು. ಅದರ ನಂಬರ್ ಮೊಬೈಲ್‌ನಲ್ಲಿದ್ದರೂ ಸಾಕು ಅಂತ ನಿಯಮ ಹೇಳುತ್ತದೆ. ಆದರೆ ದೂರದ ದಾರಿಗೆ ಹೊರಟ ಡ್ರೈವರ್ ಕೈಗೆ ಕಾಗದ ಬರದೆ ಗಾಡಿ ತೆಗೆಯುವುದಿಲ್ಲ. 200 ಕಿಲೋಮೀಟರಿಗೆ ಒಂದು ದಿನ ಅಂತ ಆ ಬಿಲ್ಲಿಗೆ ಅವಧಿ ಬೇರೆ ಇದೆ. ಕೊನೆಗೆ ಆ ಹೆಣ್ಣುಮಗಳಿಗೆ ಫೋನ್ ಮಾಡಿದರು. ಅವರು ತಾಯಿಯನ್ನು ಕರೆದುಕೊಂಡು ಆಸ್ಪತ್ರೆಯಲ್ಲಿದ್ದರು. ಅಲ್ಲಿಂದಲೇ ಪಾಸ್‌ವರ್ಡ್ ಹೇಳಿದರು. ಸ್ಪೀಕರ್ ಫೋನ್‌ನಲ್ಲಿ, ಡ್ರೈವರ್, ಹಮಾಲರು ಎಲ್ಲರೂ ಕೇಳುವ ಹಾಗೆ. ಮರುದಿನ ನೋಡಿದರೆ ಅದೇ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಬಿಟ್ಟಿದ್ದರು.

ಆ ಹೆಣ್ಣುಮಗಳ ತಪ್ಪೇನಿದೆ ಹೇಳಿ? ಆ ಕಂಪ್ಯೂಟರಿನಲ್ಲಿ ಟ್ಯಾಲಿ ಇದೆ, ಬ್ಯಾಂಕಿನ ಕೆಲಸ ಇದೆ, ಎಲ್ಲರ ಪಗಾರದ ಲೆಕ್ಕ ಇದೆ. ನಾಳೆ ಯಾವುದಾದರೂ ಎಂಟ್ರಿ ಹೆಚ್ಚುಕಮ್ಮಿಯಾದರೆ ಕೇಳುವುದು ಅವರನ್ನೇ. ಒಂದು ಪ್ರಿಂಟರ್ ಅವರ ಮೇಜಿನ ಮೇಲಿದೆ ಅನ್ನುವ ಒಂದೇ ಕಾರಣಕ್ಕೆ ಅವರು ನೆಮ್ಮದಿಯಿಂದ ರಜೆ ಹಾಕುವ ಹಾಗಿಲ್ಲ. ನನಗೆ ಚುಚ್ಚುವುದು ಇದೇ. ಮಾಲೀಕರಿಗೆ ಪ್ರಿಂಟರಿನ ಬೆಲೆ ಗೊತ್ತಿರುತ್ತದೆ, ಈ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಅಪಾಯದ್ದು. 2021ರ ಜುಲೈ ಹೊತ್ತಿಗೆ ವಿಂಡೋಸ್‌ನ ಪ್ರಿಂಟ್ ಸ್ಪೂಲರ್‌ನಲ್ಲಿ, ಅಂದರೆ ಪ್ರಿಂಟ್‌ಗಳನ್ನು ಸಾಲಾಗಿ ಕಳಿಸುವ ಭಾಗದಲ್ಲಿ, ಭದ್ರತೆಯ ದೊಡ್ಡ ತೂತು ಸಿಕ್ಕಿತು. ಅದಕ್ಕೆ 'ಪ್ರಿಂಟ್‌ನೈಟ್‌ಮೇರ್' ಅಂತ ಹೆಸರಾಯಿತು. ಪ್ರಿಂಟರ್ ಡ್ರೈವರ್ ಹಾಕುವ ನೆಪದಲ್ಲಿ ಹೊರಗಿನವರು ಕಂಪ್ಯೂಟರಿನ ಪೂರ್ತಿ ಹಿಡಿತ ತೆಗೆದುಕೊಳ್ಳಬಹುದಿತ್ತು. ಬೆಂಬಲ ನಿಲ್ಲಿಸಿದ್ದ ವಿಂಡೋಸ್ 7ಕ್ಕೂ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತು ಅಂದರೆ ಎಷ್ಟು ಗಂಭೀರ ನೋಡಿ. ಅದೇ ಸೆಪ್ಟೆಂಬರ್‌ನ ಅಪ್‌ಡೇಟ್ ಬಂದಮೇಲೆ ಶೇರ್ ಮಾಡಿದ ಎಷ್ಟೋ ಪ್ರಿಂಟರ್‌ಗಳು 0x0000011b ಅನ್ನುವ ಎರರ್ ತೋರಿಸಿ ನಿಂತುಬಿಟ್ಟವು. ಕಾರಣ ಸರಳ. ಪ್ರಿಂಟರ್ ಶೇರ್ ಮಾಡಿದ ಕಂಪ್ಯೂಟರ್ ಜೊತೆಗಿನ ಮಾತುಕತೆ ಇನ್ನು ಮುಂದೆ ಭದ್ರವಾಗಿಯೇ ಆಗಬೇಕು ಅಂತ ವಿಂಡೋಸ್ ಪಟ್ಟು ಹಿಡಿಯಿತು.

ಸರಿಯಾದ ದಾರಿ ಎಲ್ಲ ಮೆಷಿನ್‌ಗಳನ್ನೂ ಅಪ್‌ಡೇಟ್ ಮಾಡುವುದು. ಎಷ್ಟೋ ಕಡೆ ಆಗಿದ್ದೇ ಬೇರೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆಯನ್ನು ಸೊನ್ನೆ ಮಾಡಿ ಆ ಭದ್ರತೆಯನ್ನೇ ತೆಗೆದರು, ಪ್ರಿಂಟ್ ಬಂತು, ಎಲ್ಲರಿಗೂ ಖುಷಿ. ಇನ್ನು ಕೆಲವು ಕಡೆ ಅಪ್‌ಡೇಟನ್ನೇ ತೆಗೆದುಹಾಕಿ, ಮತ್ತೆ ಬಾರದ ಹಾಗೆ ಮಾಡಿದರು. ಹಳೆಯ ಮೆಷಿನ್‌ಗೆ ಪ್ರಿಂಟರ್ ಕಾಣಲಿ ಅಂತ ಎಸ್‌ಎಂಬಿ 1 ಅನ್ನುವ, ಫೈಲು-ಪ್ರಿಂಟರ್ ಶೇರ್ ಮಾಡುವ ಹಳೆಯ ವ್ಯವಸ್ಥೆಯನ್ನು ಚಾಲೂ ಮಾಡಿದವರೂ ಇದ್ದಾರೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಜಗತ್ತಿನ ತುಂಬ ಹಬ್ಬಿ ಫೈಲುಗಳನ್ನು ಲಾಕ್ ಮಾಡಿ ದುಡ್ಡು ಕೇಳಿತಲ್ವಾ, ಅದು ಒಳಗೆ ಬಂದಿದ್ದು ಇದೇ ಬಾಗಿಲಿನಿಂದ. ಒಂದು ಹಾಳೆ ಹೊರಗೆ ಬರಲಿ ಅಂತ ವರ್ಷದ ಲೆಕ್ಕವನ್ನೆಲ್ಲ ಅಪಾಯಕ್ಕೆ ಒಡ್ಡುವುದು ಯಾವ ವ್ಯಾಪಾರ?

ದಾರಿ ಕಷ್ಟದ್ದಲ್ಲ. ಲ್ಯಾನ್ ಪೋರ್ಟ್, ಅಂದರೆ ನೆಟ್‌ವರ್ಕ್ ಕೇಬಲ್ ಹಾಕುವ ಜಾಗ, ಇರುವ ಪ್ರಿಂಟರ್ ತನ್ನಿ. ಕೆಲವು ಸಾವಿರ ಜಾಸ್ತಿ ಆಗುತ್ತದೆ, ಆಗಲಿ. ಕೇಬಲ್ಲನ್ನು ನೇರವಾಗಿ ಕಂಪ್ಯೂಟರ್‌ಗಳನ್ನೆಲ್ಲ ಜೋಡಿಸಿರುವ ನೆಟ್‌ವರ್ಕ್ ಸ್ವಿಚ್‌ಗೆ ಹಾಕಿ. ಆಗ ಪ್ರಿಂಟರಿಗೆ ತನ್ನದೇ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ನಂಬರ್, ಇರುತ್ತದೆ, ಯಾರ ಕಂಪ್ಯೂಟರಿನ ಹಂಗೂ ಇಲ್ಲ. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ಎಥರ್‌ನೆಟ್ ಕಲ್ಪಿಸಿದಾಗ ಅವರ ಮುಂದಿದ್ದ ಕೆಲಸಗಳಲ್ಲಿ ಇದೂ ಒಂದು, ಅಲ್ಲಿನ ಕಂಪ್ಯೂಟರ್‌ಗಳನ್ನೆಲ್ಲ ಲೇಸರ್ ಪ್ರಿಂಟರಿಗೆ ಜೋಡಿಸುವುದು. ನಾವು ಅದೇ ತಂತಿಯನ್ನು ಆಫೀಸಿನ ತುಂಬ ಎಳೆದು ಪ್ರಿಂಟರನ್ನು ಮಾತ್ರ ಹೊರಗೆ ಬಿಟ್ಟಿದ್ದೇವೆ.

ಆ ವಿಳಾಸ ಬದಲಾಗದಂತೆ ನೋಡಿಕೊಳ್ಳುವುದು ಮುಖ್ಯ. ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ಇದ್ದದ್ದೇ. ಲೇಸರ್ ಪ್ರಿಂಟರ್ ಬಿಸಿಯಾಗುವಾಗ ತುಂಬಾ ಕರೆಂಟ್ ಎಳೆಯುತ್ತದೆ, ಅದನ್ನು ಸಣ್ಣ ಯುಪಿಎಸ್‌ಗೆ ಹಾಕುವ ಹಾಗಿಲ್ಲ. ಹಾಗಾಗಿ ಕರೆಂಟ್ ಬಂದ ಕೂಡಲೇ ಪ್ರಿಂಟರ್ ಹೊಸದಾಗಿ ವಿಳಾಸ ಕೇಳುತ್ತದೆ, ರೌಟರ್ ಬೇರೆ ನಂಬರ್ ಕೊಟ್ಟುಬಿಡಬಹುದು. ರೌಟರ್‌ನಲ್ಲಿ ಆ ಪ್ರಿಂಟರಿಗೆ ಅಂತಲೇ ಒಂದು ವಿಳಾಸ ಕಾಯ್ದಿರಿಸಿ. ಕಂಪ್ಯೂಟರ್‌ಗಳಲ್ಲಿ ಪ್ರಿಂಟರ್ ಸೇರಿಸುವಾಗ ವಿಂಡೋಸ್ ತಾನೇ ಹುಡುಕಿ ಕೊಡುವ ಡಬ್ಲ್ಯೂಎಸ್‌ಡಿ ಪೋರ್ಟ್ ಬೇಡ. ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಆರಿಸಿ ವಿಳಾಸ ನೀವೇ ಹಾಕಿ. ಇಷ್ಟಾದಮೇಲೂ ಚೆನ್ನಾಗಿರುವ ಪ್ರಿಂಟರ್ ಸುಮ್ನೆ 'ಆಫ್‌ಲೈನ್' ಅಂತ ತೋರಿಸುತ್ತಿದ್ದರೆ, ಆ ಪೋರ್ಟಿನ ಸೆಟ್ಟಿಂಗ್‌ನಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್ ಅನ್ನುವ ಟಿಕ್ ತೆಗೆದು ನೋಡಿ. ಎಷ್ಟೋ ಸಲ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ತೂಕದ ಚೀಟಿಗೆ ಡಾಟ್ ಮ್ಯಾಟ್ರಿಕ್ಸ್ ಬೇಕೇ ಬೇಕು ಅನ್ನುತ್ತಾರೆ. ನಿಜ. ಕಾರ್ಬನ್ ಕಾಪಿ ಒತ್ತಿ ಮೂಡಿಸುವುದು ಲೇಸರ್‌ನಿಂದ ಆಗುವ ಕೆಲಸವಲ್ಲ, ಹೊಟ್ಟಿನ ಧೂಳನ್ನೂ ಅದು ಲೇಸರ್‌ಗಿಂತ ಚೆನ್ನಾಗಿ ತಡೆಯುತ್ತದೆ. ಅದು ವೇಬ್ರಿಡ್ಜ್ ಕೋಣೆಯಲ್ಲೇ ಇರಲಿ. ಅಲ್ಲಿಗೆ ಆಫೀಸಿನಿಂದಲೂ ಪ್ರಿಂಟ್ ಹೋಗಬೇಕಿದ್ದರೆ ಪ್ರಿಂಟರನ್ನು ನೆಟ್‌ವರ್ಕಿಗೆ ಜೋಡಿಸುವ ಸಣ್ಣ ಪ್ರಿಂಟ್ ಸರ್ವರ್ ಡಬ್ಬಿ ಸಿಗುತ್ತದೆ. ಆದರೆ ಅಗ್ಗದ ಕೆಲವು ಯುಎಸ್‌ಬಿ ಲೇಸರ್‌ಗಳು ಅಂಥ ಡಬ್ಬಿಯ ಜೊತೆ ಹೊಂದುವುದಿಲ್ಲ. ಕೊಳ್ಳುವ ಮೊದಲು ಮಾಡೆಲ್ ನಂಬರ್ ಹೇಳಿ ಕೇಳಿ.

ಡಿಸೆಂಬರ್ ಬಂತೆಂದರೆ ಹೊಸ ತೊಗರಿ ಬರುತ್ತದೆ, ಆಮೇಲೆ ಇದಕ್ಕೆಲ್ಲ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅದಕ್ಕೂ ಮೊದಲೇ ಒಂದು ಭಾನುವಾರ ಮಾಡಿಸಿಬಿಡಿ. ಹೊಸ ವ್ಯವಸ್ಥೆ ಆದಮೇಲೆ ಹಳೆಯ ಪ್ರಿಂಟರ್ ಶೇರ್ ತೆಗೆಸಿ, ರಿಜಿಸ್ಟ್ರಿಯಲ್ಲಿ ಸೊನ್ನೆ ಮಾಡಿದ್ದನ್ನು ಮೊದಲಿನಂತೆ ಮಾಡಿಸಿ, ಎಸ್‌ಎಂಬಿ 1 ಬಂದ್ ಮಾಡಿಸಿ. ಟ್ಯಾಲಿ ಡೇಟಾ ಫೋಲ್ಡರ್ ಶೇರ್ ಇರುವ ಕಡೆ ಅದನ್ನು 'ಎವ್ರಿಒನ್' ಅಂತ ಬಿಡದೆ, ಬೇಕಾದವರಿಗೆ ಮಾತ್ರ ಅವರವರ ಪಾಸ್‌ವರ್ಡ್‌ನಿಂದ ತೆರೆಯುವಂತೆ ಮಾಡಿಸಿ. ಅಂಗಡಿಗೆ ಬಂದವರಿಗೆ ವೈಫೈ ಕೊಡುವುದಿದ್ದರೆ ರೌಟರ್‌ನಲ್ಲಿ ಗೆಸ್ಟ್ ವೈಫೈ ಬೇರೆ ಮಾಡಿಕೊಡಿ.