ಈರುಳ್ಳಿ ತರಲು ಹೋದವನು

2023ರ ಏಪ್ರಿಲ್ 27, ಗುರುವಾರ. ಸಂಜೆ ಆರು ಗಂಟೆಗೆ ಹೆಂಡತಿ ನನ್ನನ್ನು ಅಂಗಡಿಗೆ ಓಡಿಸಿದಳು. ತರಬೇಕಾಗಿದ್ದದ್ದು ಒಂದೇ ಸಾಮಾನು, ಹತ್ತು ಪೌಂಡಿನ ಈರುಳ್ಳಿ ಚೀಲ. ಒಂದೇ ತಾನೇ ಅಂತ ಚೀಟಿ ಬರೆದು ಕೊಡಲಿಲ್ಲ. ತಪ್ಪು ಅಲ್ಲೇ ಆಗಿದ್ದು ಅಂತ ನಾನು ಇವತ್ತಿಗೂ ವಾದಿಸುತ್ತೇನೆ.

ನಾವಿರುವುದು ಅಮೆರಿಕದ ಡೆಟ್ರಾಯಿಟ್ ಹೊರವಲಯದ ಕ್ಯಾಂಟನ್‌ನಲ್ಲಿ. ಇಂಡಿಯನ್ ಅಂಗಡಿಯ ಬಾಗಿಲು ತಳ್ಳಿದ್ದೇ ತಡ, ಘಮ್ ಅಂತ ಮೂಗಿಗೆ ಬಡಿಯಿತು. ಆವತ್ತೇ ವಿಮಾನದಲ್ಲಿ ಬಂದಿದ್ದ ಮಾವಿನ ಹಣ್ಣಿನ ಪೆಟ್ಟಿಗೆಗಳು. ಮೇಲೆ ಆಲ್ಫಾನ್ಸೋ ಅಂತ ಬರೆದಿತ್ತು. ನಾನು ರಾಮನಗರದವನು, ನನಗೆ ಅದು ಬಾದಾಮಿ. ನಾಲ್ಕೇ ಪೆಟ್ಟಿಗೆ ಉಳಿದಿದ್ದವು, ಹಿಂದೆ ಇನ್ನೂ ಮೂರು ಜನ ಕೈ ಚಾಚುತ್ತಿದ್ದರು. ಯೋಚಿಸಲು ಟೈಮ್ ಇರಲಿಲ್ಲ. ಎರಡನ್ನು ಅಪ್ಪಿಕೊಂಡು ಕೌಂಟರಿಗೆ ಓಡಿದೆ. ದಾರಿಯುದ್ದಕ್ಕೂ ಹಾಡು ಗುನುಗುತ್ತಾ ಮನೆಗೆ ಬಂದೆ.

"ಈರುಳ್ಳಿ ಎಲ್ಲಿ ರೀ?"

ಕಡಲೆಹಿಟ್ಟು, ಓಂಕಾಳು, ಹೆಚ್ಚಿದ ಹಸಿಮೆಣಸಿನಕಾಯಿ, ಎಲ್ಲವೂ ಒಲೆ ಪಕ್ಕದಲ್ಲಿ ಸಾಲಾಗಿ ಕುಳಿತು ನನ್ನನ್ನೇ ನೋಡುತ್ತಿದ್ದವು. ಪಕ್ಕದ ಮನೆಯ ಮೇಸ್ತ್ರಿಯವರ ಡ್ರಾಫ್ಟ್ ಪಾರ್ಟಿಗೆ ಪ್ರತಿ ವರ್ಷ ನಮ್ಮ ಮನೆಯಿಂದ ಈರುಳ್ಳಿ ಪಕೋಡ ಹೋಗಬೇಕು. ಅದು ಕರಾರು.

"ಅಲ್ಲ ಕಣೇ, ಅಲ್ಲಿ ಇದ್ದಿದ್ದರಲ್ಲಿ ಇದೇ ಬೆಸ್ಟ್" ಅಂದೆ.

ಅವಳು ಏನೂ ಹೇಳಲಿಲ್ಲ. ಬಾಣಲೆ ಎತ್ತಿ ಕಪಾಟಿನೊಳಗೆ ಇಟ್ಟಳು. ಬಾಗಿಲು ಸ್ವಲ್ಪ ಜೋರಾಗಿಯೇ ಮುಚ್ಚಿಕೊಂಡಿತು.

ಮೇಸ್ತ್ರಿ ಅಂದರೆ ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಬಿಳಿಗಡ್ಡದ ಅಮೆರಿಕನ್ನರು. ಹೆಸರು ಬೇರೆ ಇದೆ, ಮನೆಯಲ್ಲಿ ನಾವು ಕರೆಯುವುದು ಹಾಗೆ. ಅವರಿಗೆ ದೇವರು, ಮೊಮ್ಮಕ್ಕಳು ಮತ್ತು ಡೆಟ್ರಾಯಿಟ್ ಲಯನ್ಸ್ ತಂಡ ಮೂರೂ ಒಂದೇ ಸಾಲಿನಲ್ಲಿ. ಇಲ್ಲಿ ಫುಟ್‌ಬಾಲ್ ಅಂದರೆ ಕಾಲಿನಲ್ಲಿ ಆಡುವುದಲ್ಲ, ಕೈಯಲ್ಲಿ ಚೆಂಡು ಹಿಡಿದು ಒಬ್ಬರ ಮೇಲೊಬ್ಬರು ಬೀಳುವುದು. ಯಾಕೆ ಆ ಹೆಸರು ಅಂತ ಕೇಳಬೇಡಿ. ನಾನು ಕೇಳಿ ಒಂದು ಭಾನುವಾರ ಕಳೆದುಕೊಂಡಿದ್ದೇನೆ.

ಡ್ರಾಫ್ಟ್ ಅಂದರೆ ಈ ಫುಟ್‌ಬಾಲ್ ತಂಡಗಳು ಕಾಲೇಜಿನ ಹುಡುಗರನ್ನು ಆರಿಸಿಕೊಳ್ಳುವುದು, ಐಪಿಎಲ್ ಹರಾಜಿನ ದಾಯಾದಿ. ಆದರೆ ಹರಾಜಿಲ್ಲ, ಸರದಿ. 32 ತಂಡಗಳು, 7 ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಕಪ್ ಗೆದ್ದವರಿಗೆ ಕೊನೆಯದು. ಊಟದ ಪಂಕ್ತಿಯಲ್ಲಿ ಹಸಿದವನಿಗೆ ಮೊದಲು ಬಡಿಸಿದ ಹಾಗೆ. ಹಾಗಾಗಿ ಲಯನ್ಸ್ ಎಷ್ಟೋ ವರ್ಷ ಮೊದಲ ಪಂಕ್ತಿಯಲ್ಲೇ ಊಟ ಮಾಡಿದ್ದಾರೆ. ಕಾಲೇಜಿನಿಂದ ಬರುವ ಹುಡುಗರನ್ನು ಅದಕ್ಕೂ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ನಿಲ್ಲಿಸಿ ತೂಗುತ್ತಾರೆ, ಅಳೆಯುತ್ತಾರೆ, 40 ಗಜ ಓಡಿಸುತ್ತಾರೆ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಗೇಣು ಕೂಡ ಅಳೆಯುತ್ತಾರೆ. ದನದ ಜಾತ್ರೆಯಲ್ಲಿ ನಮ್ಮ ತಾತ ಹೋರಿಯ ಹಲ್ಲು, ಸುಳಿ ನೋಡುತ್ತಿದ್ದರಲ್ಲ, ಅದೇ.

ಮೊದಲ ಸಲ ಮೇಸ್ತ್ರಿ ಕರೆದಾಗ ನಾನು ಮ್ಯಾಚ್ ಅಂದುಕೊಂಡು ಹೋಗಿದ್ದೆ. ಒಂದು ಗಂಟೆ ಕುಳಿತೆ. ಕೋಟು ಹಾಕಿದವರು ವೇದಿಕೆಗೆ ಬಂದು ಒಂದು ಹೆಸರು ಓದುವುದು, ಒಬ್ಬ ಹುಡುಗ ಟೋಪಿ ಹಾಕಿಕೊಂಡು ಅಳುವುದು, ಆಮೇಲೆ ಹತ್ತು ನಿಮಿಷ ಎಲ್ಲರೂ ಗಡಿಯಾರ ನೋಡುವುದು. ಕೊನೆಗೆ ತಡೆಯಲಾರದೆ "ಯಾರು ಗೆಲ್ತಿದ್ದಾರೆ?" ಅಂತ ಕೇಳಿಬಿಟ್ಟೆ. ನೆಲಮಾಳಿಗೆಯಲ್ಲಿ ಮೌನ. ಅಷ್ಟರಲ್ಲಿ ನಮ್ಮ ಪಕೋಡದ ತಟ್ಟೆ ಬಂದಿದ್ದರಿಂದ ಮರ್ಯಾದೆ ಉಳಿಯಿತು.

ಆದರೆ ಜಗಳ ಮಾತ್ರ ಮೊದಲ ದಿನವೇ ಅರ್ಥವಾಯಿತು. ಇರುವುದು ಎರಡೇ ಪಕ್ಷ. ನಮ್ಮ ಮನೆಯಲ್ಲಿ ಯಾವ ಡಬ್ಬಿ ಖಾಲಿಯಿದೆ ನೋಡಿ ಅದನ್ನೇ ತುಂಬಿಸಿ ಅನ್ನುವವರು ಒಂದು ಪಕ್ಷ. ಡಬ್ಬಿಯ ಮಾತು ಬಿಡಿ, ಸಂತೆಯಲ್ಲಿ ಯಾವುದು ಅತಿ ಒಳ್ಳೆಯ ಮಾಲೋ ಅದನ್ನು ಎತ್ತಿಕೊಳ್ಳಿ ಅನ್ನುವವರು ಇನ್ನೊಂದು ಪಕ್ಷ. ಮೇಸ್ತ್ರಿ ಡಬ್ಬಿ ಪಕ್ಷ, ಅವರ ಅಳಿಯ ಮಾಲು ಪಕ್ಷ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೂ ಇಬ್ಬರೂ ಎದುರು ಬದುರು ಕೂರುವುದಿಲ್ಲವಂತೆ.

ಕಷ್ಟ ಆಗಿದ್ದು ಜಾಗಗಳ ಹೆಸರು. ಕಾರ್ನರ್‌ಗೆ ಬೆಲೆ ಜಾಸ್ತಿ ಅಂದರು. ನಮ್ಮಲ್ಲೂ ಕಾರ್ನರ್ ಸೈಟಿಗೆ ಬೆಲೆ ಜಾಸ್ತಿ ಅಂತ ತಲೆಯಾಡಿಸಿದೆ. ಆಮೇಲೆ ತಿಳಿಯಿತು, ಚೆಂಡು ಹಿಡಿಯಲು ಓಡುವ ಎದುರಾಳಿಗೆ ಅಂಟಿಕೊಂಡು ಓಡಿ, ಅದು ಅವನಿಗೆ ಸಿಗದ ಹಾಗೆ ಮಾಡುವವನು ಕಾರ್ನರ್. ಸೇಫ್ಟಿ ಅಂದಾಗ ನಮ್ಮ ಆಫೀಸಿನಲ್ಲಿ ಹೆಲ್ಮೆಟ್ ಹಾಕಿ ಅಂತ ಗದರುವವರು ನೆನಪಾದರು. ಎಲ್ಲಕ್ಕಿಂತ ತಲೆಕೆಡಿಸಿದ್ದು ಟ್ಯಾಕಲ್. ಕಬಡ್ಡಿ ನೋಡಿ ಬೆಳೆದವನಿಗೆ ಟ್ಯಾಕಲ್ ಅಂದರೆ ಕಾಲು ಹಿಡಿದು ಕೆಡವುವುದು. ಇಲ್ಲಿ ದಾಳಿ ತಂಡದ ಟ್ಯಾಕಲ್ ಯಾರನ್ನಾದರೂ ಹಾಗೆ ಹಿಡಿದರೆ ಹತ್ತು ಗಜ ದಂಡ! ಅವನ ಕೆಲಸ ಮುಂದಿನ ಸಾಲಿನಲ್ಲಿ (ಅದಕ್ಕೆ ಲೈನ್ ಅನ್ನುತ್ತಾರೆ) ಗೋಡೆಯ ಹಾಗೆ ನಿಲ್ಲುವುದು. ಹಿಂದೆ ಚೆಂಡು ಎಸೆಯಲು ನಿಂತ ಕ್ವಾರ್ಟರ್‌ಬ್ಯಾಕ್ ಮೈಗೆ ಧೂಳು ತಾಗದಂತೆ ಕಾಯುವುದು.

ಮೇಸ್ತ್ರಿ ಡಬ್ಬಿ ಪಕ್ಷ ಸೇರಿದ್ದಕ್ಕೆ ಕಾರಣ ಅವರ ಗ್ಯಾರೇಜಿನಲ್ಲಿದೆ. ಒಂದು ದಿನ ಹುಲ್ಲು ಕತ್ತರಿಸುವ ಯಂತ್ರ ಕೇಳಲು ಹೋಗಿದ್ದೆ. ಅವರು ಮೂಲೆಯಿಂದ ಒಂದು ನೀಲಿ ಬಟ್ಟೆ ಎಳೆದು ಎಣ್ಣೆ ಒರೆಸಿದರು. ನೋಡಿದರೆ ಲಯನ್ಸ್ ಜರ್ಸಿ. ಬೆನ್ನ ಮೇಲಿನ ಹೆಸರು ಅರ್ಧ ಅಳಿಸಿತ್ತು. ಪಕ್ಕದ ಬಕೆಟ್ಟಿನಲ್ಲಿ ಇನ್ನೆರಡು. 2003ರಲ್ಲಿ ತಂಡಕ್ಕೆ 2ನೇ ಸರದಿ ಸಿಕ್ಕಾಗ ಚಾರ್ಲ್ಸ್ ರಾಜರ್ಸ್ ಅನ್ನು ತಂದರು. ಅವನು ರಿಸೀವರ್, ಅಂದರೆ ಓಡಿ ಹೋಗಿ ಚೆಂಡು ಹಿಡಿಯುವವನು. 2004ರಲ್ಲಿ 7ನೇ ಸರದಿ, ರಾಯ್ ವಿಲಿಯಮ್ಸ್. ಅವನೂ ರಿಸೀವರ್. 2005ರಲ್ಲಿ 10ನೇ ಸರದಿ, ಮೈಕ್ ವಿಲಿಯಮ್ಸ್. ಹೌದು, ರಿಸೀವರ್! ಮೇಸ್ತ್ರಿ ಮೂರು ವರ್ಷವೂ ನಂಬಿ ದುಡ್ಡು ಕೊಟ್ಟು ಜರ್ಸಿ ಕೊಂಡರು. ಮೂರನೆಯವನ ಬೆನ್ನಿಗೇ, 11ನೇ ಸರದಿಯಲ್ಲಿ, ಡಲ್ಲಾಸ್‌ನವರು ಡಿಮಾರ್ಕಸ್ ವೇರ್ ಅನ್ನು ಎತ್ತಿಕೊಂಡು ಹೋದರು. ಅವನೀಗ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ. ಆ "ಹನ್ನೊಂದು" ಅನ್ನುವ ಸಂಖ್ಯೆ ಕಿವಿಗೆ ಬಿದ್ದರೆ ಮೇಸ್ತ್ರಿಯವರ ಮುಖ ಇಂಗು ತಿಂದ ಮಂಗನ ಹಾಗಾಗುತ್ತದೆ.

2007ರಲ್ಲಿ ಮತ್ತೆ ರಿಸೀವರ್. ಆದರೆ ಈ ಸಲ ಕಾಲ್ವಿನ್ ಜಾನ್ಸನ್, ಅಪ್ಪಟ ಚಿನ್ನ. ಮರುವರ್ಷ, ಆ ಚಿನ್ನವನ್ನು ಇಟ್ಟುಕೊಂಡೇ, ತಂಡ ಆಡಿದ 16 ಮ್ಯಾಚುಗಳಲ್ಲಿ 16ನ್ನೂ ಸೋತಿತು.

ಇದನ್ನು ಕೇಳಿ ಅಮೆರಿಕನ್ನರು ನಗುತ್ತಾರೆ. ನನಗೆ ನಗು ಬರಲಿಲ್ಲ. ನಾನು ಆರ್‌ಸಿಬಿಯವನು. ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಇದ್ದಾಗಲೂ ಕೊನೆಯ ಓವರ್ ಯಾರು ಹಾಕುತ್ತಾರೆ ಅಂತ ಬೆರಳು ಕಚ್ಚಿದವನು. 2016ರಲ್ಲಿ ಕೊಹ್ಲಿ ಒಬ್ಬರೇ 973 ರನ್ ಹೊಡೆದರು, ಫೈನಲ್ ಸೋತಿದ್ದು 8 ರನ್ನಿನಿಂದ. ಗ್ಯಾರೇಜಿನಲ್ಲಿ ಎಣ್ಣೆ ಕೈಯಲ್ಲೇ ಮೇಸ್ತ್ರಿಯವರಿಗೆ ಇದನ್ನು ವಿವರಿಸಿದೆ. ಕ್ರಿಕೆಟ್ಟಿನ ಗಂಧಗಾಳಿ ಇಲ್ಲದ ಮನುಷ್ಯ, ಕಣ್ಣು ಒದ್ದೆ ಮಾಡಿಕೊಂಡರು. (ಹೇಜಲ್‌ವುಡ್, ಭುವನೇಶ್ವರ್ ಬಂದ ಮೇಲೆ 2025ರಲ್ಲಿ ಕಪ್ಪೂ ಬಂತು ಅಂತ ಹೇಳಿ ಆಮೇಲೆ ಅವರ ಹೊಟ್ಟೆ ಉರಿಸಿದ್ದೇನೆ. ಅದು ಬೇರೆ ವಿಷಯ.)

ನಾನು ಪಂಡಿತನಾಗಿದ್ದು 2021ರಲ್ಲಿ, ಪೂರ್ತಿ ಆಕಸ್ಮಿಕವಾಗಿ. ಕೋವಿಡ್ ಭಯಕ್ಕೆ ಪಾರ್ಟಿ ಗ್ಯಾರೇಜಿನಲ್ಲಿ ನಡೆದಿತ್ತು. ಬಾಗಿಲು ಪೂರ್ತಿ ಮೇಲೆತ್ತಿ, ಜಾಕೆಟ್ ಹಾಕಿಕೊಂಡು ದೂರ ದೂರ ಕುಳಿತಿದ್ದೆವು. ನಮ್ಮದು 7ನೇ ಸರದಿ. ಹೊಸ ಕ್ವಾರ್ಟರ್‌ಬ್ಯಾಕ್ ಬೇಕು ಅಂತ ಒಬ್ಬರು, ರಿಸೀವರ್ ಅಂತ ಅಳಿಯ, ರಿಸೀವರ್ ಅಂದರೆ ಮನೆಗೆ ಹೋಗು ಅಂತ ಮೇಸ್ತ್ರಿ. ನೀನೇನು ಹೇಳ್ತೀಯಾ ಅಂತ ನನ್ನ ಕಡೆ ತಿರುಗಿದರು. ಬಾಯಲ್ಲಿ ಬಿಸಿ ಪಕೋಡ ಇತ್ತು. ಉದ್ದ ವಾಕ್ಯಕ್ಕೆ ಜಾಗ ಇರಲಿಲ್ಲ. "ಅತಿ ದಪ್ಪಗಿರೋನ್ನ ತಗೊಳ್ಳಿ" ಅಂದೆ.

ಐದು ನಿಮಿಷಕ್ಕೆ ಲಯನ್ಸ್ ಪೆನೈ ಸೂಯೆಲ್ ಹೆಸರು ಓದಿಸಿದರು. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದ, ಸುಮಾರು 150 ಕಿಲೋ ತೂಕದ ಟ್ಯಾಕಲ್. ಟೀವಿಯಲ್ಲಿ ತಂಡದ ದೊಡ್ಡವರೆಲ್ಲ ಕೋಣೆಯಲ್ಲಿ ಕುಪ್ಪಳಿಸಿ ಕಿರುಚುತ್ತಿದ್ದರು. ಗ್ಯಾರೇಜಿನಲ್ಲಿ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಅವತ್ತಿನಿಂದ ನಾನು ಪ್ರೊಫೆಸರ್. ಬೀದಿಯಲ್ಲಿ ನಾಯಿ ಅಡ್ಡಾಡಿಸುವವರು ಕೂಡ ನನ್ನನ್ನು ನಿಲ್ಲಿಸಿ ಈ ವರ್ಷ ಯಾರು ಅಂತ ಕೇಳುವಂತಾಯಿತು. ನಾನು ಗಲ್ಲ ಕೆರೆದುಕೊಂಡು "ಲೈನ್ ಗಟ್ಟಿ ಇರಬೇಕು" ಅನ್ನುತ್ತಿದ್ದೆ. ಅದು ಯಾವತ್ತೂ ಸುಳ್ಳಾಗದ ಮಾತು. ಜ್ಯೋತಿಷಿಗಳು "ಸ್ವಲ್ಪ ಮಾನಸಿಕ ಒತ್ತಡ ಕಾಣ್ತಿದೆ" ಅನ್ನುವುದಿಲ್ಲವೇ, ಹಾಗೆ.

ಈಗ ಮತ್ತೆ ಆ ಗುರುವಾರಕ್ಕೆ. ಪಕೋಡ ಇಲ್ಲದೆ, ಎರಡು ಪೆಟ್ಟಿಗೆ ಮಾವು ಹೊತ್ತುಕೊಂಡು ನೆಲಮಾಳಿಗೆಗೆ ಇಳಿದೆ. ಒಳಗೆ ಹತ್ತು ಜನ, ಒಂದು ಹೊಸ ಬಿಳಿ ಸೋಫಾ. ಹಿಂದಿನ ವರ್ಷ ಎದುರಾಳಿಗಳಿಗೆ ಮುನ್ನುಗ್ಗಲು ಅತಿ ಹೆಚ್ಚು ಗಜ ಬಿಟ್ಟುಕೊಟ್ಟ ತಂಡ ನಮ್ಮದೇ. ಹಾಗಾಗಿ ಡಬ್ಬಿ ಯಾವುದು ಖಾಲಿ ಅಂತ ಚರ್ಚೆಯೇ ಬೇಡ, ಕಾರ್ನರ್ ಬೇಕು. ಅದೊಂದು ವರ್ಷ ಅಳಿಯನೂ ಮಾವನ ಪಕ್ಷ. 6ನೇ ಸರದಿ ಬಂತು. ಮೇಸ್ತ್ರಿ ಎದ್ದು ನಿಂತರು. ಅಷ್ಟರಲ್ಲಿ ಸುದ್ದಿ: ಲಯನ್ಸ್ ಆ ಜಾಗವನ್ನು ಅರಿಜೋನಾಗೆ ಬಿಟ್ಟುಕೊಟ್ಟು 12ಕ್ಕೆ ಹಿಂದೆ ಸರಿದಿದ್ದಾರೆ. ಬದಲಿಗೆ ಎರಡನೇ ಸುತ್ತಿನಲ್ಲಿ 34ನೆಯದೂ ಸಿಕ್ಕಿತು. ಬಸ್ಸಿನ ಸೀಟು ಬಿಟ್ಟುಕೊಟ್ಟು ಟಿಕೆಟ್ ದುಡ್ಡು ವಾಪಸ್ ಇಸಕೊಂಡ ಹಾಗೆ. ಮೇಸ್ತ್ರಿ ಕೂತರು.

ಕಾಯುವ ಹೊತ್ತಿನಲ್ಲಿ ಮಾವಿನ ಹಣ್ಣು ತಿನ್ನುವುದನ್ನು ಹೇಳಿಕೊಟ್ಟೆ. ಚಾಕು ಬೇಡ, ಮೆತ್ತಗೆ ಹಿಸುಕಿ, ತೊಟ್ಟು ಕಿತ್ತು ಹೀರಿ ಅಂದೆ. ಹತ್ತು ಜನ ದೊಡ್ಡ ಗಂಡಸರು ಮೊಣಕೈವರೆಗೆ ರಸ ಇಳಿಸಿಕೊಂಡು ಮಕ್ಕಳ ಹಾಗೆ ಚೀಪುತ್ತಿದ್ದರು. ಕಾರ್ನರ್, ಟ್ಯಾಕಲ್ ಎಲ್ಲ ಮರೆತೇಹೋಗಿತ್ತು. ಮೇಸ್ತ್ರಿ ಸಿಪ್ಪೆ ಬಿಸಾಡಿ ವಾಟೆ ಚೀಪುವ ಹಂತಕ್ಕೆ ಬಂದಿದ್ದರು. ಆಗಲೇ 12ನೇ ಹೆಸರು ಓದಿದರು.

ಜಮೀರ್ ಗಿಬ್ಸ್. ರನ್ನಿಂಗ್ ಬ್ಯಾಕ್.

ಚೆಂಡು ಹೊತ್ತು ಓಡುವವನು. ಈ ಕೆಲಸದವರು ಒದೆ ತಿಂದು ತಿಂದು ಬೇಗ ಸವೆಯುತ್ತಾರೆ ಅಂತ ಮೊದಲ ಸುತ್ತಿನಲ್ಲಿ ಅವರನ್ನು ತರಲು ತಂಡಗಳು ಹಿಂದೆ ಮುಂದೆ ನೋಡುತ್ತವೆ. ಸಾಲದ್ದಕ್ಕೆ ನಮ್ಮ ತಂಡದಲ್ಲಿ ಆಗಲೇ ಅಂಥವರಿದ್ದರು, ಅದರಲ್ಲಿ ಒಬ್ಬನನ್ನು ಹಿಂದಿನ ತಿಂಗಳಷ್ಟೇ ದುಡ್ಡು ಕೊಟ್ಟು ತಂದಿದ್ದರು. "ಓ ನೋ" ಅಂತ ಮೇಸ್ತ್ರಿ ಎರಡೂ ಕೈ ಮೇಲೆತ್ತಿದರು. ವಾಟೆ ಜಾರಿತು. ಮೇಲಕ್ಕೆ ಹೋಯಿತು, ಫ್ಯಾನಿನ ರೆಕ್ಕೆಗೆ ಬಡಿಯಿತು, ಅಲ್ಲಿಂದ ಬಿಳಿ ಸೋಫಾದ ನಟ್ಟನಡುವೆ ಬಿತ್ತು. ಸುಮ್ನೆ ಬೀಳಲಿಲ್ಲ. ಒಂದು ಗೇಣು ಜಾರಿಕೊಂಡು ಹೋಗಿ, ಗೆರೆ ಎಳೆದು ನಿಂತಿತು. ಮೇಲಿಂದ ಮೇಸ್ತ್ರಿಯವರ ಹೆಂಡತಿ "ಅದೇನು ಸದ್ದು?" ಅಂದರು. ಹತ್ತು ಜನ ಒಟ್ಟಿಗೆ ಸೋಫಾದ ಮೇಲೆ ಕೂತುಬಿಟ್ಟರು. ಕೂತವರ ಕೈಯೆಲ್ಲ ಮಾವಿನ ರಸ.

ಎಲ್ಲರೂ ಪ್ರೊಫೆಸರ್ ಕಡೆ ತಿರುಗಿದರು. "ಅಲ್ಲಿ ಇದ್ದಿದ್ದರಲ್ಲಿ ಇವನೇ ಬೆಸ್ಟ್ ಇರಬೇಕು" ಅಂದೆ. ಆ ಸಂಜೆ ಅದೇ ಮಾತನ್ನು ಎರಡನೇ ಸಲ ಹೇಳುತ್ತಿದ್ದೆ, ಎರಡನೇ ಸಲವೂ ಯಾರೂ ಒಪ್ಪಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತು. ಗಿಬ್ಸ್ ಮೊದಲ ವರ್ಷವೇ ಓಡಿ 10 ಟಚ್‌ಡೌನ್ (ಇಲ್ಲಿನ ಗೋಲು ಅಂದುಕೊಳ್ಳಿ) ಹೊಡೆದ. ಬಸ್ಸಿನ ಸೀಟಿಗೆ ಬದಲಾಗಿ ಸಿಕ್ಕ 34ನೇ ಸರದಿಯಲ್ಲಿ ಬಂದ ಸ್ಯಾಮ್ ಲಪೋರ್ಟಾ 86 ಸಲ ಚೆಂಡು ಹಿಡಿದ. 2024ರ ಜನವರಿಯಲ್ಲಿ ಲಯನ್ಸ್ 32 ವರ್ಷಗಳ ನಂತರ ಒಂದು ಪ್ಲೇಆಫ್ ಪಂದ್ಯ ಗೆದ್ದರು, 24-23. ಮೇಸ್ತ್ರಿ ಹಿಮದಲ್ಲಿ ಚಪ್ಪಲಿ ಹಾಕಿಕೊಂಡೇ ನಮ್ಮ ಮನೆಗೆ ಓಡಿ ಬಂದು ನನ್ನನ್ನು ಅಪ್ಪಿಕೊಂಡರು. ಸೋಫಾದ ಹಳದಿ ಗೆರೆಯನ್ನು ಈಗ ಯಾರೂ ಒರೆಸುವ ಹಾಗಿಲ್ಲವಂತೆ. ಅದು ಶುಭ.

"ನೋಡಿದೆಯಾ? ಡಬ್ಬಿ ಮುಖ್ಯ ಅಲ್ಲ, ಮಾಲು ಮುಖ್ಯ" ಅಂದೆ ಹೆಂಡತಿಗೆ.

"ಅವರ ಹುಡುಗ ಓಡಿದ. ನಿಮ್ಮ ಮಾವಿನ ಹಣ್ಣು ಪಕೋಡ ಆಯ್ತಾ?" ಅಂದಳು.

2024ರ ಡ್ರಾಫ್ಟ್ ನಡೆದಿದ್ದು ಡೆಟ್ರಾಯಿಟ್‌ನಲ್ಲೇ. ಮೂರು ದಿನದಲ್ಲಿ 7 ಲಕ್ಷ 75 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಮೇಸ್ತ್ರಿ ಮಾತ್ರ ಶುಭದ ಸೋಫಾ ಬಿಟ್ಟು ಕದಲಲಿಲ್ಲ. ಲಯನ್ಸ್ 29ರಿಂದ 24ಕ್ಕೆ ಮೇಲೇರಿ ಟೆರಿಯನ್ ಆರ್ನಲ್ಡ್ ಅನ್ನು ತಂದರು. ಕಾರ್ನರ್! ಮರುದಿನ ಎರಡನೇ ಸುತ್ತಿನಲ್ಲಿ ಮತ್ತೊಬ್ಬ ಕಾರ್ನರ್. ಒಂದು ವರ್ಷದಿಂದ ಮೇಸ್ತ್ರಿ ಜಪಿಸಿದ್ದ ಡಬ್ಬಿ ತುಂಬಿ ತುಳುಕಿತು. ಕುಣಿಯುತ್ತಾರೆ ಅಂದುಕೊಂಡರೆ, ಗಡ್ಡ ನೀವಿಕೊಂಡು "ಅದೆಲ್ಲ ಸರಿ, ಆದರೆ ಎದುರಿನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋಕೆ ನಮ್ಮ ಹಚಿನ್‌ಸನ್ ಜೊತೆಗೆ ಇನ್ನೊಬ್ಬ ಬೇಕಿತ್ತಲ್ಲ?" ಅಂದರು.

2024ರ ಆ ಡ್ರಾಫ್ಟ್ ಗುರುವಾರವೂ ಹೆಂಡತಿ ನನ್ನನ್ನು ಅಂಗಡಿಗೆ ಕಳಿಸಿದ್ದಳು. ಈ ಸಲ ಚೀಟಿ ಇತ್ತು. ಅದರಲ್ಲಿ ಈರುಳ್ಳಿ ಅಂತ ಮೂರು ಸಲ ಬರೆದು, ಮೂರಕ್ಕೂ ಅಡಿಗೆರೆ ಎಳೆದಿದ್ದಳು. ಮಾವಿನ ಪೆಟ್ಟಿಗೆಗಳ ಪಕ್ಕದಲ್ಲೇ ಉಸಿರು ಬಿಗಿಹಿಡಿದು ನಡೆದೆ. ಹತ್ತು ಪೌಂಡ್ ಸಾಕಾಗದಿದ್ದರೆ ಅಂತ ಇಪ್ಪತ್ತು ಪೌಂಡ್ ತಂದೆ. ಅಡುಗೆಮನೆ ಕಟ್ಟೆಯ ಮೇಲೆ ಚೀಲವನ್ನು ಧೊಪ್ಪನೆ ಇಟ್ಟು ಎದೆಯುಬ್ಬಿಸಿ ನಿಂತೆ.

ಅವಳು ಚೀಲ ನೋಡಿದಳು, ನನ್ನ ಮುಖ ನೋಡಿದಳು. ಕಪಾಟು ತೆರೆದು ಎಣ್ಣೆ ಕ್ಯಾನ್ ಎತ್ತಿ ಅಲ್ಲಾಡಿಸಿದಳು. ತಳದಲ್ಲಿ ಎರಡು ಚಮಚ ಇದ್ದಿರಬಹುದು.