ರವಿವರ್ಮನ ಶಕುಂತಲೆ ಮೀಮ್ ಆದರೆ ತಪ್ಪಾ? ಪರ-ವಿರೋಧ

ಪರ: ಇದು ಹೊಸದೇನಲ್ಲ, ನಿಲ್ಲಿಸುವುದೂ ಬೇಡ

ರವಿವರ್ಮನ ಶಕುಂತಲೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಕಾಲಿಗೆ ಮುಳ್ಳು ಚುಚ್ಚಿದೆ ಅಂತ ನೆಪ ತೆಗೆದು, ಗೆಳತಿಯ ಆಸರೆ ಹಿಡಿದು, ಒಂದು ಪಾದ ಎತ್ತಿ ಹಿಂದಕ್ಕೆ ತಿರುಗಿದ್ದಾಳೆ. ದುಷ್ಯಂತ ಚಿತ್ರದಲ್ಲಿ ಇಲ್ಲವೇ ಇಲ್ಲ. ಇದರ ಮೇಲೆ ಯಾರೋ ‘ಸುಮ್ನೆ ಲಾಸ್ಟ್ ಸೀನ್ ನೋಡ್ತಿದ್ದೆ, ಅಷ್ಟೇ’ ಅಂತ ಬರೆದರೆ ಚಿತ್ರಕ್ಕೆ ಅವಮಾನ ಆಯ್ತಾ? ನನಗಂತೂ ಹಾಗನ್ನಿಸುವುದಿಲ್ಲ. ಬರೆದವರು ಚಿತ್ರವನ್ನು ಚೆನ್ನಾಗಿಯೇ ನೋಡಿದ್ದಾರೆ. ಆ ನೆಪ, ಆ ಕಳ್ಳನೋಟ, ರವಿವರ್ಮ ಬರೆದದ್ದೂ ಇದನ್ನೇ ಅಲ್ವಾ?

ಇವೆಲ್ಲ ಗಾಜಿನ ಹಿಂದೆ ಮಡಿಯಲ್ಲಿ ಇರಬೇಕಾದ ಚಿತ್ರಗಳು ಅನ್ನುವವರು ಸ್ವಲ್ಪ ಇತಿಹಾಸ ನೋಡಬೇಕು. ರವಿವರ್ಮ 1894ರಲ್ಲಿ ಮುಂಬಯಿಯ ಘಾಟ್ಕೋಪರ್‌ನಲ್ಲಿ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದ. ಅಲ್ಲಿಂದ ಮುಂದೆ ಅವನ ಲಕ್ಷ್ಮಿ, ಸರಸ್ವತಿಯರು ಸಾಮಾನ್ಯ ಜನರ ಮನೆಗೋಡೆಗೆ ಬಂದರು. ಆಮೇಲೆ ಕ್ಯಾಲೆಂಡರ್, ಬೆಂಕಿಪೊಟ್ಟಣ, ಜಾಹೀರಾತು ಎಲ್ಲ ಕಡೆ ಹೋದರು. ಜನ ಆ ಅಚ್ಚುಚಿತ್ರಗಳಿಗೆ ಚಮಕಿ ಅಂಟಿಸಿದರು, ಜರಿಯ ಸೀರೆ ಉಡಿಸಿದರು. ಕೊಂಡುತಂದ ಚಿತ್ರದ ಮೇಲೆ ತಮ್ಮದೂ ಒಂದಿಷ್ಟು ಸೇರಿಸುವುದು ಆಗಲೇ ಇತ್ತು.

ಇನ್ನೂ ಹಿಂದಕ್ಕೆ ಹೋಗಿ. ಜಹಾಂಗೀರ ದೊಡ್ಡ ಮರಳುಗಡಿಯಾರದ ಮೇಲೆ ಕೂತು ಸೂಫಿ ಶೇಖ್ ಒಬ್ಬನಿಗೆ ಪುಸ್ತಕ ಕೊಡುತ್ತಿರುವ ಮೊಘಲ್ ಚಿತ್ರವೊಂದಿದೆ. ಬರೆದವನು ಬಿಚಿತ್ರ್. ಶೇಖ್‌ನ ಕೆಳಗೆ ಒಟ್ಟೋಮನ್ ಸುಲ್ತಾನ, ಅವನ ಕೆಳಗೆ ಇಂಗ್ಲೆಂಡಿನ ರಾಜ ಒಂದನೇ ಜೇಮ್ಸ್, ಎಲ್ಲರಿಗಿಂತ ಕೆಳಗಿನ ಮೂಲೆಯಲ್ಲಿ ಪುಟ್ಟ ಚಿತ್ರವೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಿಚಿತ್ರ್ ತಾನೇ ನಿಂತಿದ್ದಾನೆ! ಜೇಮ್ಸ್‌ನ ಮುಖ, ವೇಷ ಇಂಗ್ಲಿಷ್ ಭಾವಚಿತ್ರವೊಂದನ್ನು ನೋಡಿ ಇಳಿಸಿದ್ದು. ಮೇಲಿನ ರೆಕ್ಕೆಯ ಮಕ್ಕಳು ಯುರೋಪಿನ ಚಿತ್ರಗಳಿಂದ ಬಂದವರು. ಅಂದರೆ ಬೇರೆಯವರ ಚಿತ್ರ ಎತ್ತಿಕೊಂಡು, ಅದರ ಅರ್ಥವನ್ನೇ ತಿರುಗಿಸಿ, ದೊಡ್ಡ ರಾಜನೊಬ್ಬನನ್ನು ಸರದಿಯಲ್ಲಿ ಕಾಯಲು ನಿಲ್ಲಿಸಿದ್ದಾನೆ. ಇವತ್ತು ಮೀಮ್ ಮಾಡುವವರು ಇದಕ್ಕಿಂತ ಹೆಚ್ಚೇನು ಮಾಡುತ್ತಿದ್ದಾರೆ?

ಬರೀ ನಗುವಿನ ವಿಷಯವೂ ಅಲ್ಲ ಇದು. 2014ರಲ್ಲಿ ಬೆಂಗಳೂರಿನ ಆರತಿ ಪಾರ್ಥಸಾರಥಿ ‘ರಾಯಲ್ ಎಕ್ಸಿಸ್ಟೆನ್ಷಿಯಲ್ಸ್’ ಅನ್ನುವ ವೆಬ್ ಕಾಮಿಕ್ ಶುರು ಮಾಡಿದರು. ಹಳೆಯ ಚಿತ್ರಗಳ ರಾಜರಾಣಿಯರ ಬಾಯಲ್ಲಿ ಇವತ್ತಿನ ರಾಜಕೀಯ, ಹೆಣ್ಣುಮಕ್ಕಳ ಪಾಡು ಎಲ್ಲ ಬಂತು. ಆಸ್ಥಾನದ ಚಿತ್ರಗಳಲ್ಲಿ ಸುಮ್ಮನೆ ಚಾಮರ ಬೀಸುತ್ತಾ ನಿಂತವರಿಗೆ ಮಾತು ಕೊಡುವುದು ಸಣ್ಣ ಕೆಲಸವಲ್ಲ.

ಮತ್ತೆ ಈ ಚಿತ್ರಗಳು ಇರುವುದಾದರೂ ಎಲ್ಲಿ? ನಮ್ಮ ಬಿಜಾಪುರದಲ್ಲಿ ಬರೆದ, ಮೈನಾ ಹಕ್ಕಿಯ ಜೊತೆ ನಿಂತ ಯೋಗಿನಿ ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಮ್ಯೂಸಿಯಂನಲ್ಲಿದ್ದಾಳೆ. ವೀಸಾ ಮಾಡಿಸಿಕೊಂಡು ಹೋಗಿ ನೋಡುವವರು ಎಷ್ಟು ಜನ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ, ಕ್ಲೀವ್‌ಲ್ಯಾಂಡ್ ಮ್ಯೂಸಿಯಂ 2019ರಲ್ಲಿ ಹಕ್ಕುಸ್ವಾಮ್ಯ ಇಲ್ಲದ ತಮ್ಮ ಚಿತ್ರಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ಟವು. ಮ್ಯೂಸಿಯಂಗಳೇ ಕೊಟ್ಟಿರುವಾಗ ನಾವು ಯಾಕೆ ಬಾಗಿಲು ಹಾಕಬೇಕು?

ವಿರೋಧ: ಚಿತ್ರ ಹರಿದಾಡುತ್ತಿದೆ, ಚಿತ್ರಕಾರ ಕಳೆದುಹೋಗುತ್ತಿದ್ದಾನೆ

ಎಲುಬಿನ ಗೂಡಾದ ಒಬ್ಬ ಮನುಷ್ಯ ದಿಂಬುಗಳಿಗೆ ಒರಗಿ ಕೂತಿರುವ ಚಿತ್ರ. ಎದೆಯ ಮೂಳೆಗಳನ್ನು ಎಣಿಸಬಹುದು. ‘ಸೋಮವಾರ ಬೆಳಿಗ್ಗೆ ನಾನು’ ಅಂತ ಬರೆದರೆ ಜನ ನಗುತ್ತಾರೆ, ಯಾಕಂದ್ರೆ ಅವನು ಯಾರು ಅಂತ ಗೊತ್ತಿಲ್ಲ. ಅವನು ಇನಾಯತ್ ಖಾನ್, ಜಹಾಂಗೀರನ ಅಧಿಕಾರಿ. 1618ರಲ್ಲಿ ಅಫೀಮು ಮತ್ತು ಕುಡಿತದಿಂದ ಸಾಯುವ ಸ್ಥಿತಿಗೆ ಬಂದಿದ್ದ. ಪಲ್ಲಕ್ಕಿಯಲ್ಲಿ ಹೊತ್ತು ತಂದ ಅವನನ್ನು ನೋಡಿ ಜಹಾಂಗೀರನೇ ಬೆಚ್ಚಿಬಿದ್ದು, ಇವನ ಚಿತ್ರ ಬರೆಯಿರಿ ಅಂತ ಹೇಳಿದ. ಅವನ ದಾರಿಖರ್ಚಿಗೆ 2000 ರೂಪಾಯಿ ಕೊಟ್ಟದ್ದನ್ನು, ಮರುದಿನವೇ ಅವನು ತೀರಿಕೊಂಡದ್ದನ್ನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ. ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಲೈಬ್ರರಿಯಲ್ಲಿರುವ ಆ ಚಿತ್ರ ಸಾಯುತ್ತಿರುವ ಮನುಷ್ಯನದು. ಇದಕ್ಕೆ ಯಾವ ಮಾತು ಅಂಟಿಸಿದರೂ ಸರಿಹೋಗುವುದಿಲ್ಲ.

ಭಾವನೆಗೆ ಧಕ್ಕೆ ಅಂತ ಗಲಾಟೆ ಮಾಡುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ದೇವರ ಚಿತ್ರ ನೋಡಿ ನಕ್ಕರೆ ಲೋಕ ಮುಳುಗುವುದಿಲ್ಲ. ನನ್ನ ತಕರಾರು ಹೆಸರಿನದು.

ಬೇಲೂರಿನ ದರ್ಪಣ ಸುಂದರಿ ಈಗ ‘ಮೊದಲ ಸೆಲ್ಫಿ’. ಕನ್ನಡಿ ಹಿಡಿದ ಕೈ, ಮುಖ, ಅಷ್ಟೇ ಉಳಿಸಿ ಚೌಕಕ್ಕೆ ಕತ್ತರಿಸುತ್ತಾರೆ. ಆದರೆ 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ವಿಶೇಷವೇ ಬೇರೆ. ಅಲ್ಲಿನ ಹಲವು ಮದನಿಕೆಯರ ಕಾಲಬುಡದ ಪೀಠದಲ್ಲಿ ಕೆತ್ತಿದವರ ಹೆಸರಿದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನಮ್ಮ ಎಷ್ಟೋ ಗುಡಿಗಳನ್ನು ಕಟ್ಟಿದವರು ಯಾರು ಅಂತಲೇ ತಿಳಿಯದಿರುವಾಗ, ಇವರು ಹೆಮ್ಮೆಯಿಂದ ಬಿರುದು ಸಮೇತ ಹೆಸರು ಕೆತ್ತಿಟ್ಟರು. ಒಂಬೈನೂರು ವರ್ಷ ಮಳೆ ಗಾಳಿಗೆ ಉಳಿದ ಹೆಸರು ಮೀಮ್‌ನ ಚೌಕಕ್ಕೆ ಸಿಕ್ಕಿ ಹೋಗುತ್ತದೆ. ಇದು ನನಗೆ ನಿಜವಾಗಿ ಸಂಕಟ ಕೊಡುವ ವಿಷಯ.

ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹುಡುಗಿಯ ಕಥೆಯೂ ಇದೇ. ಸಾವಳಾರಾಮ್ ಹಲ್ದಣಕರ್ ತಮ್ಮ ಮಗಳನ್ನೇ ನಿಲ್ಲಿಸಿ 1940ರ ದಶಕದಲ್ಲಿ ಬರೆದ ಜಲವರ್ಣ ಅದು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಆದರೂ ಆ ಚಿತ್ರ ಇವತ್ತಿಗೂ ರವಿವರ್ಮನ ಹೆಸರಲ್ಲಿ ಓಡಾಡುತ್ತಿದೆ. ಈ ತಪ್ಪು ಮೀಮ್‌ಗಳಿಗಿಂತ ಹಳೆಯದು, ಒಪ್ಪುತ್ತೇನೆ. ಆದರೆ ಹೆಸರಿಲ್ಲದೆ ಹಂಚುವ ಪ್ರತಿಯೊಬ್ಬರೂ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತಾರೆ.

ರವಿವರ್ಮನ ಪ್ರೆಸ್ಸಿನ ಮಾತು ಎತ್ತುವವರಿಗೆ ಒಂದು ನೆನಪಿಸುತ್ತೇನೆ. ಆ ಅಚ್ಚುಚಿತ್ರಗಳ ಅಂಚಿನಲ್ಲಿ ಪ್ರೆಸ್ಸಿನ ಹೆಸರು ಇರುತ್ತಿತ್ತು. ಬಿಚಿತ್ರ್ ಕೂಡ ತನ್ನ ಸಹಿ ಹಾಕಿದ್ದ.

ಇನ್ನು ಹೆಣ್ಣುಮಕ್ಕಳಿಗೆ ಮಾತು ಕೊಟ್ಟರು ಅನ್ನುವುದು. ಕೊಟ್ಟವರು ಕೆಲವರು. ಮಿಕ್ಕವರದು ಬರೀ ಗಂಡ-ಹೆಂಡತಿ ಜೋಕು. ಅದೇ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಸಂಗೀತಗಾರ್ತಿಯರ ಚಿತ್ರವಿದೆ. ಭಾರತದ ಬೇರೆ ಬೇರೆ ಕಡೆಯ ಹನ್ನೊಂದು ಹೆಂಗಸರು, ಬೇರೆ ಬೇರೆ ಉಡುಗೆ, ವಾದ್ಯ. ಅದರಿಂದ ಒಂದು ಮುಖವನ್ನು ಮಾತ್ರ ಕಿತ್ತು ‘ಸಿಡುಕು ಹೆಂಡತಿ’ ಮಾಡಿದರೆ, ವಾದ್ಯವೂ ಹೋಯಿತು, ಪಕ್ಕದ ಹತ್ತು ಜನರೂ ಹೋದರು.

ಚಿತ್ರಕಾರನ ಹೆಸರು, ಯಾವ ಊರಿನದು, ಈಗ ಎಲ್ಲಿದೆ: ಮೂಲೆಯಲ್ಲಿ ಒಂದು ಸಾಲು ಸಾಕು. ಹೆಸರು ತಿಳಿಯದಿದ್ದರೆ ‘ಬಿಜಾಪುರ, 17ನೇ ಶತಮಾನ’ ಅಂತ ಹಾಕಿ. ಅಷ್ಟೂ ಮಾಡದ ಮೀಮ್ ಎಷ್ಟೇ ಚೆನ್ನಾಗಿರಲಿ, ನಾನು ಇನ್ನೊಬ್ಬರಿಗೆ ಕಳಿಸುವುದಿಲ್ಲ.