ನಾಟಕದ ಹೊಡೆತಕ್ಕೂ ಒಪ್ಪಿಗೆ ಪತ್ರ ಬೇಕೇ?

ಪರ: ಬೇಕು, ಅದೂ ಬರಹದಲ್ಲಿ
(ಕಂಪನಿ ನಾಟಕದ ಹಳೆಯ ಕಲಾವಿದೆ)

ಬಾದಾಮಿ ಬನಶಂಕರಿ ಜಾತ್ರೆ ಬಂತೆಂದರೆ ನಾಟಕ ಕಂಪನಿಗಳಿಗೆ ಸುಗ್ಗಿ. ಬೆಳಗಾಗುವ ತನಕ ಒಂದರ ಹಿಂದೊಂದು ಆಟ. ಒಂದು ಕಂಪನಿಯಲ್ಲಿ ನನ್ನದು ಕುಡುಕನ ಹೆಂಡತಿಯ ಪಾತ್ರ. ಗಂಡ ಕೂದಲು ಹಿಡಿದು ಎಳೆಯಬೇಕು. ನೋಡುವವರಿಗೆ ಹಾಗೆ ಕಾಣುತ್ತದೆ, ಅಷ್ಟೇ. ಅವನ ಮುಷ್ಟಿ ನನ್ನ ತಲೆಯ ಮೇಲೆ ಸುಮ್ನೆ ಕೂತಿರುತ್ತದೆ. ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಓಡುವವಳು ನಾನೇ. ತಾಲೀಮಿನಲ್ಲಿ ಹೀಗೇ ಕಲಿಸಿದ್ದರು.

ಒಂದು ರಾತ್ರಿ ಶಿಳ್ಳೆ ಜಾಸ್ತಿ ಬಿತ್ತು. ಅವನು ನಿಜವಾಗಿ ಎಳೆದ. ನಾನು ನಿಜವಾಗಿ ಚೀರಿದೆ. ಜನ ‘ಒನ್ಸ್ ಮೋರ್’ ಅಂದರು. ಪರದೆಯ ಪಕ್ಕದಿಂದ ಮಾಲಕರು ಬೆರಳು ತಿರುಗಿಸಿದರು: ಇನ್ನೊಮ್ಮೆ. ಮಾಡಿದೆವು. ನನ್ನನ್ನು ಯಾರೂ ಕೇಳಲಿಲ್ಲ.

ಹಳ್ಳಿ ನಾಟಕಕ್ಕೆ ಹೋಗುವ ಹುಡುಗಿಯರ ಪಾಡು ಇನ್ನೂ ಕಷ್ಟ. ಒಂದೇ ರಾತ್ರಿಗೆ ಕರೆಸುತ್ತಾರೆ. ಸಂಜೆ ಬಸ್ಸಿಳಿದು ಬಣ್ಣ ಹಚ್ಚಿಕೊಳ್ಳಬೇಕು. ವಿಲನ್ ಮುಖ ನೋಡುವುದೇ ಸ್ಟೇಜಿನ ಮೇಲೆ. ಎಲ್ಲಿ ಮುಟ್ಟುತ್ತಾನೆ, ಎಷ್ಟು ಜೋರಾಗಿ, ಎಷ್ಟು ಸಲ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟರೆ ಯಾರ ಗಂಟು ಹೋಗುತ್ತದೆ? ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ 2013ರ ಕಾನೂನಿದೆ. 10ಕ್ಕಿಂತ ಕಡಿಮೆ ಜನ ದುಡಿಯುವ ಕಡೆಯಿಂದ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಕೊಟ್ಟರೆ ಆ ವಿಲನ್ ಏನು ಅನ್ನುತ್ತಾನೆ? ‘ಅದು ಪಾತ್ರದಲ್ಲೇ ಇತ್ತು’. ಹಾಳೆ ಇದ್ದರೆ ಪಾತ್ರದಲ್ಲಿ ಏನಿತ್ತು ಅಂತ ಹುಡುಗಿ ತೋರಿಸಬಹುದು.

ವಿರೋಧ: ನಾಟಕಕ್ಕೆ ಕರಾರು ಪತ್ರವೇ?
(ಹಳ್ಳಿ ನಾಟಕ ಕಲಿಸುವ ನಿವೃತ್ತ ಮಾಸ್ತರ)

‘ವಿರೋಧ ಬರೆಯಲು ಯಾರೂ ಸಿಗುತ್ತಿಲ್ಲ, ನೀವೇ ಬರೀರಿ ಸರ’ ಅಂದರು ಸಂಪಾದಕರು. ಬರೆಯುತ್ತಿದ್ದೇನೆ.

ದುಶ್ಶಾಸನ ಸೀರೆಗೆ ಕೈ ಹಾಕುವ ಮೊದಲು ಫಾರ್ಮ್ ತುಂಬಿಸಿಕೊಳ್ಳಬೇಕೇ? ಧರ್ಮರಾಯ ಸಾಕ್ಷಿ ಸಹಿ ಹಾಕಬೇಕೇ? ಆವೇಶ ಬಂದರೇನೇ ಅಭಿನಯ.

ನಾನು ದುಶ್ಶಾಸನ ಮಾಡಿದಾಗ ನಮ್ಮ ದ್ರೌಪದಿ ಗಂಡಸು. ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಏಳು ಸೀರೆ ಅಂತ ಮಾತಾಗಿತ್ತು. ನನ್ನ ಆವೇಶಕ್ಕೆ ಎಂಟನೆಯದೂ ಬಂತು. ಒಳಗೆ ಪಟ್ಟಾಪಟ್ಟಿ ಚಡ್ಡಿ! ಊರು ಇವತ್ತಿಗೂ ನಗುತ್ತದೆ. ಅವನು ಮಾತ್ರ ಮತ್ತೆ ಹೆಣ್ಣು ಪಾತ್ರ ಮಾಡಲಿಲ್ಲ, ಅದು ಬೇರೆ ಮಾತು.

ಇನ್ನೊಂದು. ಸಹಿ ಬಿತ್ತೆಂದರೆ ನಾಳೆ ಅದೇ ಹಾಳೆ ಮಾಲಕನ ಕಿಸೆಯಲ್ಲಿರುತ್ತದೆ. ‘ನೀನೇ ಒಪ್ಪಿದ್ದೆಯಲ್ಲ’ ಅನ್ನುತ್ತಾನೆ. ಅದರ ಬದಲು ಹುಡುಗಿಯನ್ನು ಒಂದು ದಿನ ಮೊದಲೇ ತಾಲೀಮಿಗೆ ಕರೆಸಿ, ಆ ದಿನದ ಪಗಾರವನ್ನೂ ಕೊಡಿ. ಇದು ವಿರೋಧ ಆಯಿತೋ ಇಲ್ಲವೋ, ಸಂಪಾದಕರೇ ನೋಡಿಕೊಳ್ಳಲಿ.